ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಪ್ಯಾಕೇಜ್: ಐದರಲ್ಲಿ ಸೊನ್ನೆ

ಕಾಸರಗೋಡು, ಮಂಜೇಶ್ವರದವರು ದೊಡ್ಡ ಮದ್ದಿಗೆಂದು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವುದು ಇದ್ದದ್ದೇ. ಆದರೆ ಶುಗರ್ ಬುಡಸಮೇತ ಹೋಗುತ್ತದೆಂದು ನಂಬಿ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಪ್ಯಾಕೇಜಿಗೆ ಮುಂಗಡ ಕಟ್ಟುವವರು ಸ್ವಲ್ಪ ತಡೆಯಿರಿ.

ಇಂಥ ಪ್ಯಾಕೇಜ್ ಮಾರುವ ಕ್ಲಿನಿಕ್ಕುಗಳಲ್ಲಿ ಮಾಡುವುದು ಸಾಮಾನ್ಯವಾಗಿ ಇಷ್ಟು: ಸೊಂಟದ ಎಲುಬಿನಿಂದ ಮಜ್ಜೆಯನ್ನೋ ಹೊಟ್ಟೆಯ ಕೊಬ್ಬನ್ನೋ ಸಿರಿಂಜಿನಲ್ಲಿ ಎಳೆದು, ಯಂತ್ರದಲ್ಲಿ ತಿರುಗಿಸಿ, ಜೀವಕೋಶ ಬೇರ್ಪಡಿಸಿ, ಕೈಯ ನರಕ್ಕೆ ಡ್ರಿಪ್ ಹಾಕುತ್ತಾರೆ. ಹಾಗೆ ಹೋದವುಗಳಲ್ಲಿ ಹೆಚ್ಚಿನವು ಮೊದಲು ಸಿಕ್ಕಿಬೀಳುವುದು ಶ್ವಾಸಕೋಶದ ಸಣ್ಣ ನಾಳಗಳಲ್ಲಿ. ಅವು ಮೇದೋಜೀರಕ ಗ್ರಂಥಿ ಸೇರಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳಾಗುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಮತ್ತೆ ಕೆಲವರಿಗೆ ಶುಗರ್ ಇಳಿಯುವುದು ಹೇಗೆ? ಡ್ರಿಪ್ಪಿನ ಜೊತೆಗೇ ಅನ್ನ ಕಡಿಮೆಯಾಗಿ, ನಡಿಗೆ ಹೆಚ್ಚಾಗಿ, ಮಾತ್ರೆ ಬದಲಾದರೆ ಟೈಪ್ 2ರಲ್ಲಿ (ಹೆಚ್ಚಾಗಿ ದೊಡ್ಡವರಿಗೆ ಬರುವ ಬಗೆ) ಶುಗರ್ ಅಷ್ಟಕ್ಕೇ ಇಳಿಯಬಹುದು. ಟೈಪ್ 1 (ದೇಹ ಇನ್ಸುಲಿನ್ ಮಾಡುವುದೇ ಹೆಚ್ಚುಕಮ್ಮಿ ನಿಲ್ಲುವ ಬಗೆ) ಹೊಸತಾಗಿ ಗೊತ್ತಾದ ಮಕ್ಕಳಲ್ಲಿ ಇನ್ಸುಲಿನ್ ಶುರುಮಾಡಿದ ಮೇಲೆ ಕೆಲವು ತಿಂಗಳು ಡೋಸ್ ತಾನಾಗಿ ತಗ್ಗುವುದುಂಟು. ಅದನ್ನೇ ಗುಣವೆಂದುಕೊಂಡು ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಆಮ್ಲ ತುಂಬುವ ಕೀಟೋಅಸಿಡೋಸಿಸ್ ಆಗುತ್ತದೆ: ವಾಂತಿ, ಹೊಟ್ಟೆನೋವು, ಏದುಸಿರು. ಜೀವವೇ ಹೋಗಬಹುದು, ಮಕ್ಕಳ ವಿಷಯದಲ್ಲಿ ನಮಗೆ ದೊಡ್ಡ ಹೆದರಿಕೆ ಇದೇ. ಫಾಸ್ಟಿಂಗ್ ಶುಗರ್ ತೋರಿಸಿ ಗೆದ್ದೆವೆಂದರೆ ಒಪ್ಪಬೇಡಿ, ಮೊದಲಿನ ಮತ್ತು ನಂತರದ ಸಿ-ಪೆಪ್ಟೈಡ್ ರಿಪೋರ್ಟ್ ಕೇಳಿ. ಚುಚ್ಚಿದ ಇನ್ಸುಲಿನ್ ಅದರಲ್ಲಿ ಕಾಣಿಸದು, ದೇಹ ಸ್ವಂತವಾಗಿ ಮಾಡಿದ್ದು ಮಾತ್ರ ಕಾಣಿಸುತ್ತದೆ.

ಸಂಶೋಧನೆ ನಿಜವಾಗಿ ಮುಂದೆ ಹೋಗಿದೆ, ಆದರೆ ಅದು ಈ ಡ್ರಿಪ್ ಅಲ್ಲ. 2025ರಲ್ಲಿ ಪ್ರಕಟವಾದ, ಝಿಮಿಸ್ಲೆಸೆಲ್ ಎಂಬ ಚಿಕಿತ್ಸೆಯ ಪ್ರಯೋಗದಲ್ಲಿ ಸ್ಟೆಮ್ ಸೆಲ್ಲಿನಿಂದ ಲ್ಯಾಬಿನಲ್ಲೇ ಇನ್ಸುಲಿನ್ ಮಾಡುವ ಐಲೆಟ್ ಕೋಶ ಬೆಳೆಸಿ, ಯಕೃತ್ತಿನ ಪೋರ್ಟಲ್ ನಾಳಕ್ಕೆ ಬಿಟ್ಟರು. ಪೂರ್ತಿ ಡೋಸ್ ಪಡೆದ 12 ಮಂದಿಯಲ್ಲಿ 10 ಮಂದಿಗೆ ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಾಗಿರಲಿಲ್ಲ. ಎಲ್ಲರೂ ಶುಗರ್ ಅಪಾಯಕಾರಿಯಾಗಿ ಕುಸಿಯುತ್ತಿದ್ದ ಟೈಪ್ 1ನವರು. ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದನ್ನು ಅವರು ಬಿಡುವಂತಿಲ್ಲ, ಸೋಂಕಿನ ಭಯ ಅದರ ಬೆನ್ನಿಗೇ ಇದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಸ್ಟೆಮ್ ಸೆಲ್ ಮಾಮೂಲಿ ಚಿಕಿತ್ಸೆಯಾಗಿರುವುದು ಮುಖ್ಯವಾಗಿ ರಕ್ತದ ಕಾಯಿಲೆಗಳಿಗೆ. ಸಕ್ಕರೆ ಕಾಯಿಲೆಗೆ ಬಳಸುವುದಾದರೆ ಅದು ಅನುಮತಿ ಪಡೆದ ಪ್ರಯೋಗವಾಗಿರಬೇಕು. ಹಾಗಾಗಿ ದೇಶದ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐ ಪಟ್ಟಿಯ ನೋಂದಣಿ ಸಂಖ್ಯೆ ಕೇಳಿ, ವೆಬ್‌ಸೈಟಿನಲ್ಲಿ ಹುಡುಕಿ. ಪ್ರಯೋಗವೆಂದು ಹೇಳಿ ದುಡ್ಡು ಕೇಳಿದರೆ ಎದ್ದು ಬನ್ನಿ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ.

ಮಗುವಿಗೆ ಟೈಪ್ 1 ಇದ್ದರೆ ಕೇರಳ ಸೋಶಿಯಲ್ ಸೆಕ್ಯೂರಿಟಿ ಮಿಷನ್ನಿನ ಮಿಠಾಯಿ ಯೋಜನೆಯಲ್ಲಿ ಇನ್ಸುಲಿನ್ ಉಚಿತವಾಗಿ ಸಿಗುತ್ತದೆ, ಮೊದಲು ಅಲ್ಲಿ ಹೆಸರು ಬರೆಸಿ.