ಹಾಸನದಲ್ಲಿ ಪ್ರಶ್ನಾವಳಿ ಪ್ರಿಂಟ್ ಮಾಡಿಸಬೇಕಾ? ಈ ಅಂಗಡಿಗೆ ಹೋಗಿ

ನಾನು ಹಾಸನದಲ್ಲೇ ಮನಃಶಾಸ್ತ್ರ ತೆಗೆದುಕೊಂಡು ಬಿಎ ಮಾಡಿದೆ. ಈಗ ಎಂಎಸ್ಸಿ ಎರಡನೇ ವರ್ಷ. ಆಲೂರು, ಸಕಲೇಶಪುರ ಕಡೆ ಆನೆ ಓಡಾಡುವ ಕಾಫಿ ತೋಟಗಳಲ್ಲಿ ಕೆಲಸ ಮಾಡುವವರ ಆತಂಕ ನನ್ನ ಅಧ್ಯಯನದ ವಿಷಯ. ಬೆಳಗ್ಗೆ ತೋಟಕ್ಕೆ ಹೊರಟರೆ ಎದೆ ಡವಡವ ಅನ್ನುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ವಿಷಯ ಸಿಕ್ಕಿದ್ದು ಅಲ್ಲಿಂದಲೇ.

ಇದಕ್ಕೆ ಆತಂಕ ಎಷ್ಟಿದೆ ಅಂತ ಅಳೆಯುವ ಜಿಎಡಿ-7 ಅನ್ನುವ ಪ್ರಶ್ನಾವಳಿ ಬಳಸುತ್ತೇನೆ. ಹಿಂದಿನ 2 ವಾರ ಹೇಗಿತ್ತು ಅಂತ ಕೇಳುವ 7 ಪ್ರಶ್ನೆ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು ಹೆಚ್ಚೆಂದರೆ 21. ಉತ್ತರದ ಕಾಲಂ ಸ್ವಲ್ಪ ಸರಿದರೂ ಜನ ಪಕ್ಕದ ಚೌಕಕ್ಕೆ ಟಿಕ್ ಹಾಕುತ್ತಾರೆ, ಅಂಕವೇ ಬದಲಾಗುತ್ತದೆ. ಮೊದಲು ಬೇರೆ ಕಡೆ ಕೊಟ್ಟಿದ್ದೆ. ಫಾಂಟ್ ಕೈಕೊಟ್ಟು ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. 80 ಪ್ರತಿ ದಂಡ. ಅವತ್ತು ಅತ್ತುಬಿಟ್ಟೆ.

ಬಸ್ ಸ್ಟ್ಯಾಂಡ್ ಹತ್ತಿರದ ಈ ಪುಟ್ಟ ಜೆರಾಕ್ಸ್ ಅಂಗಡಿಯ ಅಣ್ಣ ಮೊದಲು ಒಂದೇ ಪ್ರತಿ ತೆಗೆದು ಕೈಗೆ ಕೊಟ್ಟರು. "ಪೂರ್ತಿ ಓದಿ ನೋಡಮ್ಮ, ಆಮೇಲೆ ಉಳಿದದ್ದು" ಅಂದರು. ಅಕ್ಷರ ದೊಡ್ಡದು ಮಾಡೋಣ ಅಂದಿದ್ದೂ ಅವರೇ. ವಯಸ್ಸಾದವರಿಗೆ ಅದು ಬೇಕೇ ಬೇಕು, ಅಲ್ವಾ? ಹೆಸರು, ಉತ್ತರ ಒಟ್ಟಿಗೆ ಇರಬಾರದು ಅಂತ ಒಂದು ಸಲ ಹೇಳಿದ್ದೆ ಅಷ್ಟೇ. ಹೆಸರಿರುವ ಒಪ್ಪಿಗೆ ಪತ್ರ ಬೇರೆ, ಪ್ರಶ್ನಾವಳಿ ಬೇರೆ ಮಾಡಿ, ಬೇರೆ ಬೇರೆಯಾಗಿಯೇ ಪಿನ್ ಹೊಡೆದು ಕೊಟ್ಟರು.

ಸಂಜೆ ಕಾಲೇಜು ಬಿಟ್ಟ ಮೇಲೆ ರಶ್ ಜಾಸ್ತಿ. ಬೆಳಗ್ಗೆ ಹೋಗಿ. ಬೈಂಡಿಂಗ್ ಮಾತ್ರ ಮಾರನೇ ದಿನ ಸಿಗುತ್ತದೆ. ನನ್ನ ಪ್ರಬಂಧವನ್ನೂ ಇಲ್ಲೇ ಕೊಡುತ್ತೇನೆ.