ಬೆಂಗಳೂರು ರೈಲು ನಿಲ್ದಾಣದ ಕ್ಲೋಕ್‌ರೂಮ್: ನಾಲ್ಕು ವರ್ಷ, ಒಂದು ಹಿತ್ತಾಳೆ ಬೀಗ

ಹುಬ್ಬಳ್ಳಿಯಲ್ಲಿ ನನ್ನದು ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ. ಲೈನಿಂಗ್, ಲೇಸು, ಗೊಂಡೆ, ಫಾಲ್ ತರಲು ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಬರುತ್ತೇನೆ. ಬೆಳಿಗ್ಗೆ ಇಳಿದರೆ ಅವತ್ತೇ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಬೇಕು. ನಡುವಿನ ಒಂದು ಹಗಲಿಗೆ ಲಾಡ್ಜು ಮಾಡಿದರೆ ಲೇಸಿನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ಲಗೇಜು ಇಟ್ಟು ಹೋಗುವ ಕ್ಲೋಕ್‌ರೂಮೇ ನನ್ನ ಲಾಡ್ಜು.

ಮೊದಲ ಸಲ ಹೋದಾಗ ನನ್ನ ಕೈಯಲ್ಲಿದ್ದದ್ದು ಜಿಪ್ಪು ಕಿತ್ತ ಏರ್‌ಬ್ಯಾಗು. "ಬೀಗ ಇಲ್ದೆ ತಗೊಳ್ಳೋ ಹಂಗಿಲ್ಲಮ್ಮ" ಅಂದರು ಕೌಂಟರಿನವರು. ರೈಲ್ವೆಯ ನಿಯಮವೇ ಅದು: ಲಗೇಜಿಗೆ ಬೀಗ ಇರಬೇಕು, ಟಿಕೆಟ್ಟು ತೋರಿಸಬೇಕು. ಆಗ ನನಗೆ ತಿಳಿಯದು, ಸಿಟ್ಟು ಬಂತು. ಹೊರಗೆ ಒಂದು ಖಾಸಗಿ ಕೋಣೆಯವರು "ಬೀಗ ಏನೂ ಬೇಡ, ಇಟ್ಟು ಹೋಗಿ" ಅಂದಿದ್ದೇ ತಡ, ಅಲ್ಲೇ ಇಡತೊಡಗಿದೆ. ಹೆಚ್ಚುಕಡಿಮೆ ಒಂದು ವರ್ಷ ಚೆನ್ನಾಗಿಯೇ ನಡೆಯಿತು.

ಒಂದು ರಾತ್ರಿ ಒಂಬತ್ತಕ್ಕೆ ಹೋದರೆ ಶಟರ್ ಎಳೆದಿದೆ. ಫೋನು ಸ್ವಿಚ್ ಆಫ್. ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಹತ್ತೂವರೆಯವರೆಗೆ ಆ ಮೆಟ್ಟಿಲ ಮೇಲೆ ಕೂತು, ಕೊನೆಗೆ ಬ್ಯಾಗಿಲ್ಲದೆ ರೈಲು ಹತ್ತಿದೆ. ಮದುಮಗಳ ಬ್ಲೌಸಿಗೆ ತಂದ ಜರಿ ಲೇಸು ಅದರೊಳಗೇ ಇತ್ತು. ಪರಿಚಯದವರು ನಾಲ್ಕು ದಿನ ಬಿಟ್ಟು ಬ್ಯಾಗು ತಂದುಕೊಟ್ಟರು. ಅಷ್ಟರಲ್ಲಿ ಮದುವೆ ಮುಗಿದಿತ್ತು. ಆ ಮದುಮಗಳ ತಾಯಿಯ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಊರಿಗೆ ಬಂದು ದುರ್ಗದಬೈಲಿನಲ್ಲಿ ಒಂದು ಹಿತ್ತಾಳೆ ಬೀಗ ತಗೊಂಡೆ. ಅಟ್ಟದ ಮೇಲಿದ್ದ ಅವ್ವನ ತಗಡಿನ ಟ್ರಂಕು ಇಳಿಸಿದೆ. ಈಗ ಅದರಲ್ಲಿ ಒಂದು ಸೀರೆ, ಟವೆಲ್ಲು, ಮಡಚಿದ ಎರಡು ಖಾಲಿ ಚೀಲ, ಇಷ್ಟೇ. ಕೌಂಟರಿನಲ್ಲಿ ಬೀಗ ಜಗ್ಗಿ ತೋರಿಸುತ್ತೇನೆ, ರಸೀದಿಯ ಫೋಟೊ ತೆಗೆಯುತ್ತೇನೆ, ಕೀಲಿಯನ್ನು ಪಿನ್ನಿಗೆ ಪೋಣಿಸಿ ಬಳೆಗೆ ಸಿಕ್ಕಿಸುತ್ತೇನೆ. ದಿನವಿಡೀ ಬಳೆಯ ಜೊತೆ ಅದರ ಸಣ್ಣ ಸದ್ದು ಕೇಳುತ್ತಿದ್ದರೆ ಮನಸ್ಸಿಗೆ ಸಮಾಧಾನ.

ಚಿಕ್ಕಪೇಟೆಯ ಅಂಗಡಿಗಳು ಬಾಗಿಲು ತೆಗೆಯುವುದು ತಡ. ಮೊದಲು ಆ ಮೂರ್ನಾಲ್ಕು ತಾಸು ಬ್ಯಾಗು ತಬ್ಬಿಕೊಂಡು ನಿಲ್ದಾಣದಲ್ಲೇ ಕೂರುತ್ತಿದ್ದೆ. ಈಗ ನಡೆಯುತ್ತೇನೆ. ಮೊದಲು ಕೆ.ಆರ್. ಮಾರುಕಟ್ಟೆ. ಸೇವಂತಿಗೆಯ ರಾಶಿಯ ನಡುವೆ ಚಪ್ಪಲಿ ಒದ್ದೆಯಾದರೂ ಬೇಜಾರಿಲ್ಲ. ಅಲ್ಲಿಂದ ಕೋಟೆ ವೆಂಕಟರಮಣ ದೇವಸ್ಥಾನ. ಪಕ್ಕದಲ್ಲೇ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ. ಆ ತೇಗದ ಕಂಬಗಳ ಕೆಳಗೆ ನಿಂತರೆ ಸಾಕು, ಮೈ ತಂಪಾಗುತ್ತದೆ. ಮುಂದೆ ಕರಗ ಹೊರಡುವ ಧರ್ಮರಾಯನ ಗುಡಿ ಇರುವ ತಿಗಳರಪೇಟೆ, ನಗರ್ತಪೇಟೆ, ಬಳೆಪೇಟೆ. ಬಳೆಪೇಟೆಯಲ್ಲೊಬ್ಬರು ಮೃದಂಗದ ಮುಚ್ಚಿಗೆ ಬಿಗಿದು, ಬೆರಳಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ಬಿಗಿಯುವುದನ್ನು ಕಾಲು ತಾಸು ನಿಂತು ನೋಡಿದ್ದೇನೆ. ನೂಲಿನ ಬಿಗುವು ನೋಡುವ ನನ್ನ ಕೈಗೆ ಆ ಕೆಲಸ ಚೆನ್ನಾಗಿ ತಿಳಿಯುತ್ತದೆ. ಈ ಗಲ್ಲಿಗಳಲ್ಲಿ ತಲೆ ಮೇಲೆ ಬಟ್ಟೆಯ ಗಂಟು ಹೊತ್ತವರು "ಸೈಡ್, ಸೈಡ್" ಅನ್ನುತ್ತ ನುಗ್ಗಿ ಬರುತ್ತಾರೆ. ಕೈಯಲ್ಲಿ ಟ್ರಂಕಿದ್ದರೆ ಗೋಡೆಗೆ ಅಂಟಿಕೊಂಡೇ ನಿಲ್ಲಬೇಕಿತ್ತು.

ಒಂದು ತೊಡಕು ಮಾತ್ರ ಇದ್ದೇ ಇದೆ. ನಡುವೆ ಬಂದು ಟ್ರಂಕು ತೆಗೆದು ಸಾಮಾನು ತುಂಬಿ ಮತ್ತೆ ಇಡುವುದಾದರೆ ಹೊಸ ರಸೀದಿ, ಹೊಸ ದುಡ್ಡು. ಆದ್ದರಿಂದ ಕೊಂಡ ಮಾಲನ್ನು ಆಯಾ ಅಂಗಡಿಯಲ್ಲೇ ಬಿಟ್ಟು, ಸಂಜೆ ಏಳಕ್ಕೆ ಒಂದೊಂದೇ ಆಯ್ದುಕೊಂಡು ಬರುತ್ತೇನೆ. "ಅಣ್ಣಾರ, ಇದೊಂದು ಗಂಟು ಇಟ್ಕೋರಿ" ಅಂದರೆ ಖಾಯಂ ಗಿರಾಕಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಆಮೇಲೆ ಟ್ರಂಕು ಬಿಡಿಸಿಕೊಂಡು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೆಳಗೆ ಲೈನಿಂಗ್, ಮೇಲೆ ಲೇಸು, ಸಂದಿಗಳಲ್ಲಿ ಗೊಂಡೆ ಜೋಡಿಸುತ್ತೇನೆ.

ಮುಂದಿನ ಸಲ ಪಕ್ಕದ ಅಂಗಡಿಯ ಅಕ್ಕಾರೂ ನನ್ನ ಜೊತೆ ಬರುವವರಿದ್ದಾರೆ. ಅವರ ಬ್ಯಾಗಿಗೂ ಜಿಪ್ಪಿಲ್ಲ. ನಿನ್ನೆಯೇ ಅವರಿಗೊಂದು ಬೀಗ ತಂದಿಟ್ಟಿದ್ದೇನೆ.