ನಿಂತ ತೊಟ್ಟಿಲು, ನಿಲ್ಲಿಸಿದ ತೊಟ್ಟಿಲು: ಶಿರಸಿ ಜಾತ್ರೆಯ ಆಟಗಳ ಬಯಲು ಹೇಗಿತ್ತು

ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆ ಬಿಡ್ಕಿಬಯಲಿನ ಗದ್ದುಗೆಗೆ ಬಂದು ಕುಳಿತಿರುವ ದಿನಗಳಲ್ಲಿ, ದರ್ಶನ ಮುಗಿಸಿ ಉಡಿ ಸೇವೆ ಒಪ್ಪಿಸಿದ ಮನೆಮಂದಿಯ ಕೈಹಿಡಿದು ಮಕ್ಕಳು ಎಳೆಯುವುದು ಆಟಗಳ ಬಯಲಿನ ಕಡೆಗೇ. 2024ರ ಮಾರ್ಚ್ ಜಾತ್ರೆಯಲ್ಲಿ ನಾನು ಆ ಬಯಲಿನಲ್ಲಿ ಮೂರು ಸಂಜೆ, ಒಂದು ಬೆಳಿಗ್ಗೆ ಕಳೆದೆ. ಮೊದಲ ಸಂಜೆ ಮೊಮ್ಮಗಳ ಸಲುವಾಗಿ ಹೋದದ್ದು; ಉಳಿದದ್ದು ನನ್ನ ಸಲುವಾಗಿ. ಕಾಳಿ ನದಿಯ ಜಲವಿದ್ಯುತ್ ಕೇಂದ್ರವೊಂದರಲ್ಲಿ ಯಂತ್ರಗಳ ನಿರ್ವಹಣೆಯ ಕೆಲಸ ಮಾಡಿ ನಿವೃತ್ತನಾದವನಿಗೆ, ತಿರುಗುವ ಕಬ್ಬಿಣ ಕಂಡರೆ ಅದರ ಬುಡದಲ್ಲಿರುವ ಮೋಟಾರು ನೋಡದೆ ಮುಂದೆ ಹೋಗಲು ಕಾಲು ಬರುವುದಿಲ್ಲ.

ಆ ಬಯಲಿನ ಬಗ್ಗೆ ಊರಿನಲ್ಲಿ ಕೇಳಿಬಂದ ದೂರು ಒಂದೇ: “ದುಡ್ಡು ತಗೊಂಡು ಅರ್ಧಕ್ಕೇ ನಿಲ್ಲಿಸಿದರು.” ದೊಡ್ಡ ತೊಟ್ಟಿಲು ಒಂದು ಸಂಜೆ ಎರಡು ಗಂಟೆ ಮುಚ್ಚಿತ್ತು, ಜೋಕಾಲಿಯ ಹಾಗೆ ತೂಗುವ ಕೊಲಂಬಸ್ ದೋಣಿ ಎರಡು ಬಾರಿ ನಡುವೆಯೇ ನಿಂತಿತು. ಇವೆರಡರ ಪಕ್ಕದಲ್ಲೇ ಇದ್ದ ತಿರುಗುವ ಬಟ್ಟಲುಗಳ ಆಟ ಒಂದು ಸಲವೂ ನಿಲ್ಲಲಿಲ್ಲ, ಆದ್ದರಿಂದ ಜನ ಅದನ್ನೇ ಹೊಗಳಿದರು. ನನ್ನ ಅಂಕಪಟ್ಟಿ ಇದಕ್ಕೆ ಸರಿಯಾಗಿ ತಿರುವುಮುರುವು. ನಿಂತ ಎರಡು ಆಟಗಳಿಗೆ ನಾನು ಒಳ್ಳೆಯ ಅಂಕ ಕೊಡುತ್ತೇನೆ, ನಿಲ್ಲದ ಆಟಕ್ಕೆ ನನ್ನ ಮೊಮ್ಮಗಳನ್ನು ಇನ್ನೊಮ್ಮೆ ಹತ್ತಿಸುವುದಿಲ್ಲ. ಕಾರಣಗಳನ್ನು ವಿವರವಾಗಿಯೇ ಹೇಳಬೇಕಾಗಿದೆ.

ಮೊದಲು ದೊಡ್ಡ ತೊಟ್ಟಿಲಿನ ಸಂಗತಿ. ಎರಡನೆಯ ಸಂಜೆ ಏಳು ಗಂಟೆಯ ಸುಮಾರಿಗೆ ಪಶ್ಚಿಮದಲ್ಲಿ ಮೋಡ ಕಟ್ಟಿ, ಗಾಳಿ ಬೀಸತೊಡಗಿತು. ಬೇಸಗೆಯ ಮೊದಲ ಅಡ್ಡಮಳೆಗೆ ಮುನ್ನ ಘಟ್ಟದ ಮೇಲೆ ಬೀಸುವ ಈ ಗಾಳಿ ಒಂದೇ ಹದದಲ್ಲಿರುವುದಿಲ್ಲ. ಒಮ್ಮೆ ಎಲೆ ಅಲುಗದಷ್ಟು ಸುಮ್ಮನಿದ್ದು, ಮರುಕ್ಷಣ ಅಂಗಡಿಯ ತಗಡನ್ನೇ ಎತ್ತುವ ಹಾಗೆ ನುಗ್ಗುತ್ತದೆ. ತೊಟ್ಟಿಲು ನಡೆಸುತ್ತಿದ್ದ ನಡುವಯಸ್ಸಿನವರು ಟಿಕೆಟ್ ಕೊಡುವ ಹುಡುಗನಿಗೆ ಕೈ ಅಡ್ಡ ಮಾಡಿ, ಸಾಲಿನಲ್ಲಿದ್ದವರನ್ನು ಅಲ್ಲೇ ತಡೆದು, ಮೇಲಿದ್ದವರನ್ನು ಇಳಿಸಲು ಶುರುಮಾಡಿದರು. ನನ್ನ ಮನಸ್ಸು ಗೆದ್ದದ್ದು ಅವರು ಇಳಿಸಿದ ಕ್ರಮ. ಕೆಳಗೆ ಬಂದ ಒಂದು ತೊಟ್ಟಿಲನ್ನು ಖಾಲಿ ಮಾಡಿದವರು ಅದರ ಪಕ್ಕದ್ದಕ್ಕೆ ಕೈ ಹಾಕಲಿಲ್ಲ. ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಸರಿಯಾಗಿ ಎದುರಿನ ತೊಟ್ಟಿಲನ್ನು ಕೆಳಗೆ ತಂದು, ಅದನ್ನು ಇಳಿಸಿ, ಆಮೇಲೆ ಮೊದಲಿನದರ ನೆರೆಯದಕ್ಕೆ ಬಂದರು. ಸಾಲಿನಲ್ಲಿದ್ದ ಒಬ್ಬರು “ಹತ್ತಿರ ಇದ್ದವರನ್ನು ಬಿಟ್ಟು ಮೇಲಿನವರನ್ನು ಯಾಕೆ ಇಳಿಸುತ್ತಾರೆ” ಎಂದು ರೇಗಿದರು. ಒಂದೇ ಮಗ್ಗುಲು ಖಾಲಿಯಾಗುತ್ತ ಹೋದರೆ, ತುಂಬಿದ ಮಗ್ಗುಲು ತನ್ನ ಭಾರದಿಂದಲೇ ಚಕ್ರವನ್ನು ಕೆಳಕ್ಕೆ ಎಳೆಯುತ್ತದೆ, ಆ ಎಳೆತವನ್ನೆಲ್ಲ ಒಂದು ಬ್ರೇಕು ತಡೆದು ನಿಲ್ಲಿಸಬೇಕಾಗುತ್ತದೆ. ಹತ್ತಿಸುವಾಗಲೂ ಇಳಿಸುವಾಗಲೂ ತಕ್ಕಡಿಯ ಎರಡು ತಟ್ಟೆ ಸಮ ಇಡಬೇಕಾದ ಕೆಲಸವಿದು.

ಇಂಥ ಚಕ್ರಗಳು ಓಡುವುದು ಸರಳವಾದ ಏರ್ಪಾಟಿನಲ್ಲಿ. ಮೋಟಾರಿಗೆ ಜೋಡಿಸಿದ ಒಂದು ರಬ್ಬರ್ ಗಾಲಿ ದೊಡ್ಡ ಚಕ್ರದ ಅಂಚಿಗೆ ಒತ್ತಿಕೊಂಡು ಅದನ್ನು ತಳ್ಳುತ್ತದೆ. ಕೆಲವು ಕಡೆ ಗಾಲಿಯ ಬದಲು ಉಕ್ಕಿನ ಹಗ್ಗವಿರುತ್ತದೆ. ಎರಡರಲ್ಲೂ ನಂಬಿಕೆ ಇರುವುದು ಉಜ್ಜಾಟದ ಮೇಲೆ. ಮಳೆಯ ನಾಲ್ಕು ಹನಿ ಅಂಚಿನ ಮೇಲೆ ಬಿದ್ದರೆ ಹಿಡಿತ ಜಾರುತ್ತದೆ, ತಳ್ಳುವ ಶಕ್ತಿ ಕುಗ್ಗುವಂತೆ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಮೇಲಿನ ತೊಟ್ಟಿಲುಗಳಿಗೆ ಗಾಳಿ ಬಡಿದರೆ ಅವು ಚಕ್ರದ ಗತಿಗೆ ಹೊಂದದ ಹಾಗೆ ತೂಗಾಡುತ್ತವೆ. ದೊಡ್ಡ ಪಾರ್ಕುಗಳಲ್ಲಿ ಗಾಳಿಯ ವೇಗ ಅಳೆಯುವ ಉಪಕರಣ ಎತ್ತರದಲ್ಲಿರುತ್ತದೆ, ಯಂತ್ರ ತಯಾರಿಸಿದವರು ಗೊತ್ತುಮಾಡಿದ ಮಿತಿ ದಾಟಿದೊಡನೆ ಆಟ ಮುಚ್ಚುತ್ತಾರೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಅವರು ನೋಡುತ್ತಿದ್ದದ್ದು ಜನರೇಟರ್ ಗುಡಾರದ ತುದಿಗೆ ಕಟ್ಟಿದ್ದ ಬಾವುಟವನ್ನು. ಇದು ಕೊರತೆಯೇ, ಇದಕ್ಕೆ ನಾನು ಅಂಕ ಕಳೆದಿದ್ದೇನೆ. ಆದರೆ ಬಾವುಟ ನೋಡಿ ನಿಲ್ಲಿಸುವ ಬುದ್ಧಿ ಇದ್ದದ್ದಕ್ಕೆ, ಅದೂ ಜಾತ್ರೆಯ ಅತ್ಯಂತ ದುಡ್ಡು ಬರುವ ಹೊತ್ತಿನಲ್ಲಿ ನಿಲ್ಲಿಸಿದ್ದಕ್ಕೆ, ಕಳೆದದ್ದಕ್ಕಿಂತ ಹೆಚ್ಚು ಕೊಟ್ಟಿದ್ದೇನೆ. ಹತ್ತು ನಿಮಿಷದಲ್ಲಿ ಮಳೆ ಬಂತು. ಮಳೆ ಬಿಟ್ಟ ಮೇಲೂ ಒಂದು ಗಂಟೆ ತೆರೆಯಲಿಲ್ಲ: ಅಂಚನ್ನು ಗೋಣಿಬಟ್ಟೆಯಿಂದ ಒರೆಸಿದರು, ಕಂಬಗಳ ಬುಡದ ಮರದ ದಿಮ್ಮಿಗಳು ನೆಂದ ಮಣ್ಣಿನಲ್ಲಿ ಕುಸಿದಿವೆಯೇ ಎಂದು ಮಟ್ಟಗೋಲು ಇಟ್ಟು ನೋಡಿದರು, ಒಂದು ದಿಮ್ಮಿಯ ಕೆಳಗೆ ಬೆಣೆ ಬಡಿದರು, ಆಮೇಲೆ ಖಾಲಿ ಚಕ್ರವನ್ನು ಆರೇಳು ಸುತ್ತು ತಿರುಗಿಸಿದರು.

ಇನ್ನು ಕೊಲಂಬಸ್ ದೋಣಿ. ಅದು ನಿಂತದ್ದು ಬೇರೆ ಕಾರಣಕ್ಕೆ. ಮೊಮ್ಮಗಳು ಕುಳಿತಿದ್ದಾಗಲೇ ದೋಣಿ ಎತ್ತರಕ್ಕೆ ಏರುವುದು ಬಿಟ್ಟು, ಜೋಕಾಲಿ ತೂಗಿ ಬಿಟ್ಟ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಮುಖವಾಗಿ, ಒಂದು ನಿಮಿಷದಲ್ಲಿ ಸುಮ್ಮನಾಯಿತು. ಸುತ್ತಲಿನವರು ಕೂಗಿದರು, ನಾನು ನಿರಾಳನಾದೆ. ದೋಣಿಯ ಹೊಟ್ಟೆಯ ಕೆಳಗೊಂದು ಗಾಲಿ ಇರುತ್ತದೆ. ದೋಣಿ ತನ್ನ ಮೇಲೆ ಹಾದುಹೋಗುವಾಗಲೆಲ್ಲ ಅದು ಮೇಲೆದ್ದು, ಹೋಗುತ್ತಿರುವ ದಿಕ್ಕಿಗೇ ಒಂದು ನೂಕು ಕೊಡುತ್ತದೆ. ಮಗುವಿನ ಜೋಕಾಲಿಯನ್ನು ನಾವು ನೂಕುವುದೂ ಹೀಗೆಯೇ. ಗಾಲಿ ನೂಕುವುದು ನಿಲ್ಲಿಸಿದರೆ ದೋಣಿ ತಾನಾಗಿ ತಣ್ಣಗಾಗುತ್ತದೆ, ಬೇರೇನೂ ಆಗುವುದಿಲ್ಲ. ಆ ಗಾಲಿಯ ಮೋಟಾರು ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುತ್ತ ಓಡಬೇಕಾದ್ದರಿಂದ ಬೇಗ ಕಾಯುತ್ತದೆ. ಅದರ ಮೇಲೆ, ರಾತ್ರಿ ಎಂಟರ ನಂತರ ಬಯಲಿನ ದೀಪಗಳೂ ಧ್ವನಿವರ್ಧಕಗಳೂ ಎಲ್ಲ ಆಟಗಳೂ ಅದೇ ಜನರೇಟರನ್ನು ಹೀರತೊಡಗಿದಾಗ ವೋಲ್ಟೇಜು ಇಳಿಯುತ್ತದೆ. ಅಷ್ಟೇ ಕೆಲಸ ಮಾಡಲು ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಇನ್ನಷ್ಟು ಕಾಯುತ್ತದೆ. ಆಗ ಮೋಟಾರು ಸುಡದಂತೆ ಕಾಯುವ ಓವರ್‌ಲೋಡ್ ರಿಲೇ ಟ್ರಿಪ್ ಆಗಿ ಕರೆಂಟು ನಿಲ್ಲಿಸುತ್ತದೆ. ರಿಲೇಯೊಳಗಿನ ಎರಡು ಲೋಹದ ಪಟ್ಟಿ ಬಿಸಿಗೆ ಬಾಗಿ ಸಂಪರ್ಕ ಕಡಿದಿರುತ್ತದೆ, ಅದು ಆರಿ ನೆಟ್ಟಗಾಗುವವರೆಗೆ ಗುಂಡಿ ಒತ್ತಿದರೂ ಮೋಟಾರು ಹೊರಡುವುದಿಲ್ಲ. “ಇಪ್ಪತ್ತು ನಿಮಿಷ ಬಿಟ್ಟು ಬನ್ನಿ” ಎಂದು ಅವರು ಹೇಳುವುದರ ಹಿಂದಿನ ಲೆಕ್ಕ ಇದು.

ಅವಸರದ ಜನ ಇಲ್ಲಿ ಮಾಡುವ ತಪ್ಪು ನನಗೆ ಚೆನ್ನಾಗಿ ಗೊತ್ತಿದೆ: ರಿಲೇಯನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಜೋಡಿಸಿಬಿಡುವುದು. ಆಗ ಆಟ ನಿಲ್ಲುವುದಿಲ್ಲ, ಮೋಟಾರು ಸುಟ್ಟು ಹೊಗೆ ಬರುವವರೆಗೂ ಓಡುತ್ತದೆ. ಈ ದೋಣಿಯವರು ಹಾಗೆ ಮಾಡಲಿಲ್ಲ. ರಿಲೇ ತಣಿದ ಮೇಲೂ ಹುಡುಗನೊಬ್ಬ ಮೋಟಾರಿನ ಮೈಗೆ ಅಂಗೈ ಹಿಂಭಾಗ ತಾಗಿಸಿ ನೋಡಿ, ತಲೆ ಅಲ್ಲಾಡಿಸಿ, ಇನ್ನೈದು ನಿಮಿಷ ಕಾದ. ಅಂಗೈ ಹಿಂಭಾಗ ತಾಗಿಸುವುದು ಯಾರೋ ಒಳ್ಳೆಯ ಕೆಲಸಗಾರರ ಕೈಕೆಳಗೆ ಕಲಿತವರ ಅಭ್ಯಾಸ. ಕರೆಂಟು ಹೊಡೆದರೆ ಕೈ ಹಿಂದಕ್ಕೆ ಸೆಳೆಯುತ್ತದೆಯೇ ಹೊರತು ಮುಷ್ಟಿ ಬಿಗಿದು ಹಿಡಿದುಕೊಳ್ಳುವುದಿಲ್ಲ.

ಬಿಡದಿಯ ವಂಡರ್‌ಲಾಕ್ಕೆ ಶಾಲಾ ಪ್ರವಾಸ ಹೋಗಿಬರುವ ನಮ್ಮ ಕಡೆಯ ಮಕ್ಕಳು, ದೊಡ್ಡ ಪಾರ್ಕುಗಳಲ್ಲಿ ಎಲ್ಲವೂ ಹೊಸ ಯಂತ್ರಗಳಾದ್ದರಿಂದ ನಿಲ್ಲುವುದಿಲ್ಲ ಎಂದು ತಿಳಿದಿರುತ್ತಾರೆ. ಜಗತ್ತಿನ ಯಾವ ಪಾರ್ಕಿನಲ್ಲೂ “ತಾತ್ಕಾಲಿಕವಾಗಿ ಮುಚ್ಚಿದೆ” ಎಂಬ ಫಲಕ ತಪ್ಪಿದ್ದಲ್ಲ. ಅಲ್ಲಿ ಯಂತ್ರ ಹೊಸದಾದಷ್ಟೂ ನಿಲ್ಲುವ ಕಾರಣಗಳು ಹೆಚ್ಚು, ಏಕೆಂದರೆ ನೋಡಿಕೊಳ್ಳುವ ಸೆನ್ಸರುಗಳು ಹೆಚ್ಚು. ರೋಲರ್ ಕೋಸ್ಟರಿನ ಹಳಿಯನ್ನು ಹಲವು ತುಂಡುಗಳಾಗಿ ಲೆಕ್ಕ ಹಾಕಿರುತ್ತಾರೆ. ಒಂದು ತುಂಡಿನಲ್ಲಿ ಒಂದೇ ಬಂಡಿ ಇರಬೇಕು. ನಿಲ್ದಾಣದಲ್ಲಿ ಒಬ್ಬರ ಬೆಲ್ಟು ಸರಿಯಾಗದೆ ಅರ್ಧ ನಿಮಿಷ ತಡವಾದರೂ, ಹಿಂದಿನ ಬಂಡಿಯನ್ನು ಕಂಪ್ಯೂಟರು ಏರಿನಲ್ಲೇ ತಡೆದು ನಿಲ್ಲಿಸುತ್ತದೆ. ಅಲ್ಲಿ ಸಿಕ್ಕಿಕೊಂಡವರ ಪಾಲಿಗೆ ಅದು ಕೆಟ್ಟುನಿಂತ ಆಟ. ಯಂತ್ರದ ಪಾಲಿಗೆ ಹೇಳಿದ ಕೆಲಸ ಮಾಡಿದ ಗಳಿಗೆ. ಒಂದೇ ಬಾಗಿಲನ್ನೋ ಅಡ್ಡಪಟ್ಟಿಯನ್ನೋ ಕಾಯುವ ಎರಡು ಸೆನ್ಸರುಗಳಲ್ಲಿ ಒಂದು “ಮುಚ್ಚಿದೆ” ಎಂದು, ಇನ್ನೊಂದು “ಮುಚ್ಚಿಲ್ಲ” ಎಂದು ಹೇಳಿದರೆ, ಯಾವುದು ಸುಳ್ಳು ಎಂದು ಯಂತ್ರ ವಿಚಾರಿಸುತ್ತ ಕೂರುವುದಿಲ್ಲ, ನಿಂತುಬಿಡುತ್ತದೆ. ಮತ್ತೆ ಓಡಿಸಲು ಗುಂಡಿ ಒತ್ತಿದರೆ ಸಾಲದು. ಮೆಕ್ಯಾನಿಕ್ ಹೋಗಿ ಕಣ್ಣಾರೆ ನೋಡಬೇಕು, ಖಾಲಿ ಬಂಡಿ ಓಡಿಸಿ ನೋಡಬೇಕು, ಆಮೇಲೆ ಜನ.

ಕೊಂಕಣ ರೈಲ್ವೆಯ ಗಾಡಿಯಲ್ಲಿ ಕುಮಟಾ, ಅಂಕೋಲಾ, ಕಾರವಾರಗಳ ನಡುವೆ ಓಡಾಡುವವರಿಗೆ ಇದು ಹೊಸತಾಗಬಾರದು. ರೈಲಿನ ಬ್ರೇಕನ್ನು ಬಿಡಿಸಿ ಹಿಡಿದಿರುವುದು ಕೊಳವೆಯೊಳಗಿನ ಗಾಳಿಯ ಒತ್ತಡ. ಯಾರಾದರೂ ಸರಪಳಿ ಎಳೆದರೆ, ಇಲ್ಲವೇ ಕೊಳವೆಯೇ ಕಡಿದರೆ, ಒತ್ತಡ ಇಳಿದು ಬ್ರೇಕು ಹಿಡಿದುಕೊಳ್ಳುತ್ತದೆ. ಆಟದ ಬಂಡಿಗಳ ಬ್ರೇಕುಗಳನ್ನೂ ಹೀಗೆ, ಗಾಳಿಯೋ ಕರೆಂಟೋ ಹೋದರೆ ತಾವಾಗಿ ಕಚ್ಚಿಕೊಳ್ಳುವ ಹಾಗೆಯೇ ರಚಿಸುತ್ತಾರೆ. ಕೋಸ್ಟರು ಏರುವಾಗ ಕೇಳುವ ಟಕಟಕ ಸದ್ದು, ಮೇಲಕ್ಕೆ ಎಳೆಯುವ ಸರಪಳಿ ಕಡಿದರೂ ಬಂಡಿ ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಬೀಳುತ್ತ ಹೋಗುವ ಕಬ್ಬಿಣದ ನಾಲಿಗೆಯದು.

ಕರಾವಳಿಯ ಬಗ್ಗೆ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಕಾರವಾರದ ಕಡಲತೀರದಲ್ಲಿ ಮಕ್ಕಳ ಆಟದ ಯಂತ್ರವೊಂದು ಎರಡು ದಿನ ಮುಚ್ಚಿದ್ದನ್ನು ಹಿಂದೊಮ್ಮೆ ನೋಡಿದ್ದೆ. ಬಾಗಿಲು ಮುಚ್ಚಿದೆಯೇ ಎಂದು ಯಂತ್ರಕ್ಕೆ ತಿಳಿಸುವ, ತೆರೆದಿಟ್ಟ ಸ್ವಿಚ್ಚಿನ ತಾಮ್ರದ ತುದಿ ಹಸಿರುಗಟ್ಟಿತ್ತು. ಉಪ್ಪುಗಾಳಿಗೆ ತಾಮ್ರ ಹೀಗೆ ಹಸಿರಾದರೆ ಕರೆಂಟು ಸರಿಯಾಗಿ ಹಾಯುವುದಿಲ್ಲ, ಬಾಗಿಲು ಮುಚ್ಚಿದ್ದರೂ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಅದು ಹೊರಡುವುದಿಲ್ಲ. ಅದೇ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಯ ಉಕ್ಕಿಗೆ ಬಣ್ಣ ಬಳಿಯುವ ಕೆಲಸಕ್ಕೆ ಹೇಗೆ ಕೊನೆಯಿಲ್ಲವೋ, ಕಡಲ ಬದಿಯ ಆಟಗಳ ಬೋಲ್ಟು ತಿಕ್ಕುವ ಕೆಲಸಕ್ಕೂ ಇಲ್ಲ. ಕಾರವಾರ, ಮುರ್ಡೇಶ್ವರದ ಕಡೆ ಆಟ ಹತ್ತಿಸುವವರು ಬೋಲ್ಟಿನ ಬುಡದಿಂದ ಕೆಂಪು ನೀರು ಇಳಿದ ಗೆರೆ ಇದೆಯೇ ಎಂದು ಒಮ್ಮೆ ನೋಡಲಿ. ಬಣ್ಣದಲ್ಲಿ ಕೂದಲೆಳೆಯಂಥ ಬಿರುಕಿದ್ದು ಅದರೊಳಗಿಂದ ತುಕ್ಕು ಒಸರುತ್ತಿದ್ದರೆ, ಅದರ ಕೆಳಗಿನ ವೆಲ್ಡಿಂಗೇ ಬಿರಿದಿರಬಹುದು.

ಈಗ ನಿಲ್ಲದ ಆಟ. ಬಟ್ಟಲುಗಳ ಆಟದಲ್ಲಿ ತೊಡೆಯ ಮೇಲೆ ಬೀಳುವ ಅಡ್ಡಪಟ್ಟಿಯ ಕೊಕ್ಕೆ ನಮ್ಮ ಬಟ್ಟಲಿನಲ್ಲಿ ಕಚ್ಚುತ್ತಿರಲಿಲ್ಲ. ನಾನು ತೋರಿಸಿದಾಗ, ಕೆಲಸದ ಹುಡುಗ ಜೇಬಿನಿಂದ ನೀಲಿ ನೈಲಾನ್ ಹಗ್ಗದ ತುಂಡು ತೆಗೆದು ಪಟ್ಟಿಯನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿ, “ಏನಾಗುವುದಿಲ್ಲ ಅಜ್ಜಾರೆ” ಎಂದ. ಹಗ್ಗ ಮೊದಲೇ ಅಳತೆಗೆ ತುಂಡಾಗಿ ಜೇಬಿನಲ್ಲಿತ್ತು ಎಂಬುದು ನನ್ನನ್ನು ಹೆಚ್ಚು ಹೆದರಿಸಿತು. ನಾನು ಮೊಮ್ಮಗಳನ್ನು ಎತ್ತಿಕೊಂಡು ಇಳಿದೆ. ಅದೇ ಬಟ್ಟಲಿಗೆ ಇನ್ನಿಬ್ಬರು ಮಕ್ಕಳನ್ನು ಕೂರಿಸಿದರು. ಯಜಮಾನರಿಗೆ ಹೇಳಿದೆ, ಸಾಲು ತೋರಿಸಿ, ರಾತ್ರಿ ಸರಿಮಾಡುತ್ತೇವೆ ಎಂದರು. ಮಕ್ಕಳ ತಂದೆಗೂ ಹೇಳಿದೆ, ಅವರು ಇಳಿಸಿಕೊಂಡರು. ಆ ಆಟ ಅಂದು ರಾತ್ರಿ ಹನ್ನೊಂದರವರೆಗೂ ನಿಲ್ಲದೆ ನಡೆಯಿತು. ಒಂದು ಬಟ್ಟಲಿಗೆ ಬೀಗ ಹಾಕಿ ಉಳಿದವನ್ನು ನಡೆಸಿದ್ದರೂ ಅವರಿಗೆ ನಷ್ಟ ಅಲ್ಪವೇ ಆಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ, ಬಯಲಿನಲ್ಲಿ ಚಹಾದ ಅಂಗಡಿ ಬಿಟ್ಟು ಬೇರೇನೂ ತೆರೆಯದಿದ್ದಾಗ ಹೋದೆ. ದೊಡ್ಡ ತೊಟ್ಟಿಲಿನವರು ಒಂದೊಂದೇ ತೊಟ್ಟಿಲನ್ನು ಕೆಳಗೆ ತಂದು ನೇತಾಡುವ ಅಚ್ಚಿಗೆ ಗ್ರೀಸು ತುಂಬುತ್ತಿದ್ದರು. ಬೋಲ್ಟುಗಳ ತಲೆಯ ಮೇಲಿಂದ ಕಬ್ಬಿಣದವರೆಗೆ ಬಿಳಿ ಬಣ್ಣದ ಗೆರೆ ಎಳೆದಿದ್ದರು. ಬೋಲ್ಟು ಸ್ವಲ್ಪ ಸಡಿಲಾಗಿ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಒಂದು ಕಡೆ ಗೆರೆ ಬೆರಳಿನ ಅಗಲದಷ್ಟು ಸರಿದಿತ್ತು. ಅವರು ಪಾನಾ ಹಾಕಿ ಬಿಗಿದು, ಹಳೆಯ ಗೆರೆ ಒರೆಸಿ ಹೊಸದು ಎಳೆದರು. ಅಲ್ಲೇ ಒಂದು ನೋಟುಪುಸ್ತಕದಲ್ಲಿ ತೊಟ್ಟಿಲಿನ ನಂಬರು ಬರೆದರು. ಬಟ್ಟಲುಗಳ ಆಟದ ಬಳಿ ಯಾರೂ ಇರಲಿಲ್ಲ, ನೀಲಿ ಹಗ್ಗ ಹಾಗೆಯೇ ಇತ್ತು. ಆ ಸಂಗತಿಯನ್ನು ಬಯಲಿನ ಬಂದೋಬಸ್ತಿಗಿದ್ದವರಿಗೆ ತಿಳಿಸಿ ಬಂದೆ. ಸಂಜೆ ಹೋದಾಗ ಆ ಬಟ್ಟಲು ಖಾಲಿ ಬಿಟ್ಟಿತ್ತು.

ಹಣದ ವಿಷಯ. ಆ ಜಾತ್ರೆಯಲ್ಲಿ ತಲೆಗೆ 100 ರೂಪಾಯಿ ಇದ್ದ ಟಿಕೆಟ್ ನಮ್ಮ ಊರಿಗೆ ಕಡಿಮೆಯಾಗಿರಲಿಲ್ಲ. ಮಳೆಯ ಸಂಜೆ ದೊಡ್ಡ ತೊಟ್ಟಿಲಿನವರು ಹತ್ತದೆ ಉಳಿದವರಿಗೆ ಪೂರ್ತಿ ಹಣ ಮರಳಿಸಿದರು, ಅರ್ಧಕ್ಕೆ ಇಳಿದವರ ಟಿಕೆಟಿನ ಹಿಂದೆ ಸಹಿ ಹಾಕಿ ಮರುದಿನಕ್ಕೆ ನಡೆಸಿದರು. ದೋಣಿಯವರು ಹಣ ಕೊಡಲಿಲ್ಲ, ಕಾದವರನ್ನು ಮತ್ತೆ ಮೊದಲಿನಿಂದ ಆಡಿಸಿದರು. ಕಾಯಲಾಗದವರು, ಅದರಲ್ಲೂ ಯಲ್ಲಾಪುರ, ಸಿದ್ದಾಪುರಗಳ ಕೊನೆಯ ಬಸ್ಸು ಹಿಡಿಯಬೇಕಾದವರು, ಸುಮ್ಮನೆ ಹೋಗಬೇಕಾಯಿತು. ಅದು ಅನ್ಯಾಯ. ಎರಡೂ ಕಡೆಯವರು ಏಕೆ ನಿಲ್ಲಿಸಿದೆವು ಎಂದು ಸಾಲಿಗೆ ಹೇಳಲಿಲ್ಲ ಎಂಬುದು ಇನ್ನೊಂದು ದೊಡ್ಡ ಕೊರತೆ. ಗಂಟಲು ಹರಿಯುವ ಹಾಗೆ ಹಾಡು ಹಾಕುವ ಧ್ವನಿವರ್ಧಕ ಪಕ್ಕದಲ್ಲೇ ಇರುವಾಗ “ಗಾಳಿ ಹೆಚ್ಚಿದೆ, ಇಳಿಸುತ್ತಿದ್ದೇವೆ, ಹಣ ವಾಪಸು” ಎಂದು ಒಂದು ಮಾತು ಹೇಳಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ಹತ್ತಕ್ಕೆ ಲೆಕ್ಕ ಹಾಕಿದರೆ ದೊಡ್ಡ ತೊಟ್ಟಿಲಿಗೆ 8, ಕೊಲಂಬಸ್ಸಿಗೆ 6, ಬಟ್ಟಲುಗಳಿಗೆ 1. ಆ ಒಂದು ಕೂಡ ಕೊನೆಗೆ ಖಾಲಿ ಬಿಟ್ಟ ಬಟ್ಟಲಿಗೆ. ಮುಂದಿನ ಜಾತ್ರೆಗೆ ಹೋಗುವವರು ಸಾಧ್ಯವಾದರೆ ಸಂಜೆ ಐದಕ್ಕೆ, ಜನರೇಟರಿನ ಮೇಲೆ ಭಾರ ಬೀಳುವ ಮೊದಲು ಹೋಗಿ. ಸಹಿ ಹಾಕಿದ ಟಿಕೆಟು ಹಿಡಿದು ನಾವು ಮೂರನೆಯ ಸಂಜೆ ಮತ್ತೆ ಹತ್ತಿದೆವು. ಮೇಲಿನ ತುದಿಯಲ್ಲಿ ಚಕ್ರ ಒಮ್ಮೆ ನಿಂತಿತು. ಮೊಮ್ಮಗಳು ನನ್ನ ತೋಳು ಹಿಡಿದು, “ಅಜ್ಜಾ, ಇದು ನಿಂತದ್ದೋ, ನಿಲ್ಲಿಸಿದ್ದೋ?” ಎಂದು ಕೇಳಿದಳು. ಕೆಳಗೆ ಬಗ್ಗಿ ನೋಡಿದೆ. ನಮ್ಮ ಸರಿ ಎದುರಿನ ತೊಟ್ಟಿಲಿಗೆ ಒಬ್ಬ ತಾಯಿ, ಎರಡು ಮಕ್ಕಳು ಹತ್ತುತ್ತಿದ್ದರು.